ಇನ್ಸುಲಿನ್: ಜೀವಕೋಶದ ಕಾರ್ಖಾನೆಯಿಂದ ನಿಮ್ಮ ಸೂಜಿಯವರೆಗೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದು, 'ಇನ್ನು ಮಾತ್ರೆ ಸಾಲದು, ಇನ್ಸುಲಿನ್ ಶುರು ಮಾಡೋಣ' ಎಂದು ವೈದ್ಯರು ಹೇಳಿದರೆ ಸಾಕು, ಮನೆಮಂದಿಯ ಮುಖ ಸಪ್ಪಗಾಗುತ್ತದೆ. 'ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ', 'ಮೈಗೆ ಅದೇ ಅಭ್ಯಾಸವಾಗಿಬಿಡುತ್ತದೆ', 'ಕಾಯಿಲೆ ಕೈಮೀರಿದವರಿಗೆ ಕೊಡುವ ಮದ್ದು ಅದು' ಎಂದು ನೆಂಟರಿಷ್ಟರು ತಲೆಗೊಂದು ಮಾತಾಡುತ್ತಾರೆ. ಔಷಧಿ ಅಂಗಡಿಯಿಂದ ತಂದ ಸೀಸೆಯನ್ನು ಫ್ರಿಜ್ಜಿನಲ್ಲಿ ಹಾಗೇ ಬಿಟ್ಟು ಹಾಗಲಕಾಯಿ ರಸದ ಮೊರೆ ಹೋಗುವವರೂ ಉಂಟು. ದೊಡ್ಡವರಲ್ಲಿ ಈ ಹಿಂಜರಿಕೆಯಿಂದ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ನಿಧಾನವಾಗಿ ಕೆಡುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಂತೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ.

ಈ ಭಯ ಹೋಗಬೇಕಾದರೆ ಒಂದು ಪ್ರಶ್ನೆಗೆ ಉತ್ತರ ತಿಳಿಯಬೇಕು. ಇನ್ಸುಲಿನ್ ಎಂದರೇನು, ಅದು ಎಲ್ಲಿಂದ ಬರುತ್ತದೆ? ಅದನ್ನು ತಯಾರಿಸುವ ಕ್ರಮ ನಿಮ್ಮ ಚರ್ಮದಲ್ಲಿ, ಸ್ನಾಯುವಿನಲ್ಲಿ, ಮಿದುಳಿನಲ್ಲಿ, ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಬರೆದಿಟ್ಟಿದೆ. ಆದರೆ ಅದನ್ನು ಓದಿ ಕೆಲಸಕ್ಕೆ ಇಳಿಸುವುದು ಒಂದೇ ಒಂದು ಜಾತಿಯ ಕೋಶ. ಆ ಕೋಶ ಕೈಕೊಟ್ಟಾಗ ಅದೇ ಬರಹವನ್ನು ಬೇರೊಂದು ಜೀವಿಯ ಕೈಯಲ್ಲಿ ಓದಿಸುವ ಕೆಲಸ ನಮ್ಮ ಬೆಂಗಳೂರಿನ ಅಂಚಿನಲ್ಲೇ, ಬೊಮ್ಮಸಂದ್ರದ ಕಡೆ, ನಡೆಯುತ್ತದೆ. ಹೇಗೆಂದು ನೋಡೋಣ.

ಪೀಣ್ಯದ ಕಾರ್ಖಾನೆ, ಮೈಯೊಳಗಿನ ಕಾರ್ಖಾನೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಜೀವಕೋಶವನ್ನು ಅರ್ಥಮಾಡಿಕೊಳ್ಳುವುದು ಸುಲಭ. ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಯನ್ನು ನೆನೆಸಿಕೊಳ್ಳಿ. ಸುತ್ತ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ. ಒಳಗೆ ಒಂದು ಆಫೀಸು. ಅಲ್ಲಿನ ಬೀರುವಿನಲ್ಲಿ ಎಲ್ಲ ಬಿಡಿಭಾಗಗಳ ಮೂಲ ಡ್ರಾಯಿಂಗುಗಳು. ಮೂಲ ಡ್ರಾಯಿಂಗನ್ನು ಯಾರೂ ಲೇತಿನ ಪಕ್ಕಕ್ಕೆ ಒಯ್ಯುವುದಿಲ್ಲ. ಎಣ್ಣೆಗೈ ತಾಗಿ ಹಾಳಾದೀತು. ಅಂದಿನ ಕೆಲಸಕ್ಕೆ ಬೇಕಾದುದರ ನಕಲು ಮಾತ್ರ ತೆಗೆದು ಯಂತ್ರದ ಬಳಿಗೆ ಕಳುಹಿಸುತ್ತಾರೆ. ಕೆಲಸಗಾರ ನಕಲು ನೋಡಿಕೊಂಡು ಭಾಗವನ್ನು ತಯಾರಿಸುತ್ತಾನೆ. ಅಂಚು ಕೆರೆದು ನಯಗೊಳಿಸಿ, ತಪಾಸಣೆ ಮಾಡಿ, ಡಬ್ಬಕ್ಕೆ ತುಂಬಿ ಹೊರಗೆ ಕಳುಹಿಸುವುದು ಕೊನೆಯ ಹಂತ.

ನಿಮ್ಮ ಜೀವಕೋಶದಲ್ಲೂ ಹೀಗೆಯೇ. ಅದು ಎಷ್ಟು ಚಿಕ್ಕದೆಂದರೆ ಸಾಮಾನ್ಯ ಕೋಶಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ನೂರು ಹಿಡಿಸಬಹುದು. ಕಾಂಪೌಂಡು ಮತ್ತು ಗೇಟಿನ ಕೆಲಸ ಕೋಶಪೊರೆಯದು. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ನಡುವಿನ ಕೋಶಕೇಂದ್ರವೇ ಆಫೀಸು. ಅದರೊಳಗೆ 46 ವರ್ಣತಂತುಗಳಲ್ಲಿ ಸುತ್ತಿಟ್ಟಿರುವ ಡಿಎನ್‌ಎ ಎಂಬ ಎಳೆಯೇ ಡ್ರಾಯಿಂಗುಗಳ ಬೀರು. ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಈ ಎಳೆಯಲ್ಲಿ ಒಂದೊಂದು ಪ್ರೋಟೀನಿನ ತಯಾರಿಕೆಗೆ ಬೇಕಾದ ವಿವರವಿರುವ ಭಾಗವೇ ಜೀನ್ ಅಥವಾ ವಂಶವಾಹಿ. ಪ್ರೋಟೀನಿಗಾಗಿ ಬರೆದಿರುವ ಇಂಥ ಜೀನ್‌ಗಳು ನಮ್ಮಲ್ಲಿ ಸುಮಾರು 20,000.

ಜೀನಿನಿಂದ ತೆಗೆದ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ಅದು ಕೋಶಕೇಂದ್ರದಿಂದ ಹೊರಬಂದು ರೈಬೊಸೋಮ್ ಎಂಬ ಯಂತ್ರಕ್ಕೆ ತಲುಪುತ್ತದೆ. ರೈಬೊಸೋಮ್ ಆ ನಕಲನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುತ್ತದೆ. ಹೂಮಾಲೆ ಕಟ್ಟಿದ ಹಾಗೆ ಪ್ರೋಟೀನು ಬೆಳೆಯುತ್ತದೆ. ಅದನ್ನು ತಿದ್ದಿ ತೀಡಿ ಪೊಟ್ಟಣ ಕಟ್ಟುವ ವಿಭಾಗಕ್ಕೆ ಗಾಲ್ಗಿ ಎಂದು ಹೆಸರು. ಇಷ್ಟಕ್ಕೆಲ್ಲ ಬೇಕಾದ ಶಕ್ತಿಯನ್ನು ಒದಗಿಸುವ ಜನರೇಟರುಗಳೇ ಮೈಟೊಕಾಂಡ್ರಿಯಗಳು. ಜೀನಿನಲ್ಲಿ ಬರೆದದ್ದು ಹೀಗೆ ಓದಿಸಿಕೊಂಡು ಪ್ರೋಟೀನಾಗಿ ಹೊರಬರುವುದನ್ನು ವಿಜ್ಞಾನಿಗಳು 'ಜೀನ್ ಅಭಿವ್ಯಕ್ತಿ' ಎನ್ನುತ್ತಾರೆ.

ಬೀರು ಒಂದೇ, ಓದು ಬೇರೆ ಬೇರೆ

ಇಲ್ಲೊಂದು ಸೋಜಿಗವಿದೆ. ನಿಮ್ಮ ಕಣ್ಣಿನ ಕೋಶ, ಹೃದಯದ ಕೋಶ, ಯಕೃತ್ತಿನ ಕೋಶ ಎಲ್ಲವೂ ಒಂದೇ ಫಲಿತ ಅಂಡದಿಂದ ಹುಟ್ಟಿದವು. ಆದ್ದರಿಂದ ಎಲ್ಲದರ ಬೀರುವಿನಲ್ಲೂ ಅವೇ ಡ್ರಾಯಿಂಗುಗಳು. ಹಾಗಿದ್ದರೂ ಕಣ್ಣು ಪಿತ್ತರಸ ಸುರಿಸುವುದಿಲ್ಲ, ಯಕೃತ್ತು ಬೆಳಕು ಕಾಣುವುದಿಲ್ಲ. ಯಾಕೆ? ಪ್ರತಿ ಕೋಶವೂ ತನಗೆ ಬೇಕಾದ ಜೀನ್‌ಗಳನ್ನು ಮಾತ್ರ ಓದುತ್ತದೆ. ಬೇಡದವನ್ನು ಬಿಗಿಯಾಗಿ ಸುತ್ತಿ, ಯಾರ ಕೈಗೂ ಸಿಗದಂತೆ ಇಟ್ಟುಬಿಡುತ್ತದೆ. ಓದಬೇಕಾದ ಜೀನಿನ ಮುಂದೆ ಸ್ವಿಚ್ಚಿನಂಥ ಒಂದು ಜಾಗವಿರುತ್ತದೆ. ಅಲ್ಲಿ ತಕ್ಕ ಪ್ರೋಟೀನುಗಳು ಬಂದು ಕೂತರೆ ಮಾತ್ರ ಓದು ಶುರುವಾಗುತ್ತದೆ.

ಯಾವ ಅಂಗದಲ್ಲಿ ಯಾವ ಜೀನ್ ಓದಿಸಿಕೊಳ್ಳುತ್ತದೆ ಎಂಬ ಪಟ್ಟಿ ತಯಾರಿಸುವ ದೊಡ್ಡ ಕೆಲಸದಲ್ಲಿ ವೈಟ್‌ಫೀಲ್ಡ್ ಹೆಸರೂ ಸೇರಿದೆ. ಅಲ್ಲಿನ ಐಟಿಪಿಎಲ್ ಆವರಣದ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್ ಸಂಸ್ಥೆಯನ್ನು 2002ರಲ್ಲಿ ಸ್ಥಾಪಿಸಿದವರು ಡಾ. ಅಖಿಲೇಶ್ ಪಾಂಡೆ. ಈ ಸಂಸ್ಥೆಯವರೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೂ ಸೇರಿ ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆಯೊಂದನ್ನು 2014ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡವರ 17 ಅಂಗಾಂಶ, ಭ್ರೂಣದ 7 ಅಂಗಾಂಶ, 6 ಬಗೆಯ ರಕ್ತದ ಕೋಶ, ಹೀಗೆ 30 ಮಾದರಿಗಳಲ್ಲಿ ಅವರು ಹುಡುಕಿದರು. ಪ್ರೋಟೀನುಗಳನ್ನು ತುಂಡರಿಸಿ, ತುಣುಕುಗಳ ತೂಕದ ಮೇಲೆ ಗುರುತು ಹಿಡಿಯುವ ಯಂತ್ರಗಳಿಂದ 17,294 ಜೀನ್‌ಗಳ ಪ್ರೋಟೀನುಗಳು ಪತ್ತೆಯಾದವು. ಇದು ಆಗ ಪಟ್ಟಿಯಲ್ಲಿದ್ದ ಅಂಥ ಜೀನ್‌ಗಳ ಸುಮಾರು ಶೇ 84ರಷ್ಟು. ಸುಮಾರು 2,350 ಜೀನ್‌ಗಳ ಪ್ರೋಟೀನುಗಳು ಎಲ್ಲ ಮಾದರಿಗಳಲ್ಲೂ ಸಿಕ್ಕವು. ಇವು ಉಸಿರಾಟ, ಶಕ್ತಿ ತಯಾರಿಕೆ, ದುರಸ್ತಿಯಂಥ ದಿನನಿತ್ಯದ ಮನೆಗೆಲಸದವು. ಉಳಿದವುಗಳಲ್ಲಿ ಹಲವು ಒಂದೊಂದು ಅಂಗಕ್ಕೆ ಮೀಸಲು.

ಓದುವ ಶಕ್ತಿಯನ್ನೇ ಕಳೆದುಕೊಂಡ ಕೋಶವೂ ನಮ್ಮಲ್ಲಿದೆ. ಬಲಿತ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ. ಅದು ಹೊಸ ಪ್ರೋಟೀನು ಮಾಡಲಾರದು. ಸುಮಾರು 120 ದಿನ ಓಡಾಡಿ ಸಾಯುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ವೈದ್ಯರು ಬರೆದುಕೊಡುವ 'ಎಚ್‌ಬಿಎ1ಸಿ' ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವುದು ಇದೇ ಕಾರಣದಿಂದ. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ಅದನ್ನು ಮೋಸಗೊಳಿಸಲು ಬರುವುದಿಲ್ಲ!

ಇನ್ಸುಲಿನ್ ಹುಟ್ಟುವ ಬಗೆ

ಇನ್ಸುಲಿನ್ ಜೀನ್ ಇರುವುದು ನಮ್ಮ 11ನೆಯ ವರ್ಣತಂತುವಿನಲ್ಲಿ. ಅದನ್ನು ಓದಿ ಹೇರಳವಾಗಿ ಇನ್ಸುಲಿನ್ ತಯಾರಿಸುವುದು ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಕೋಶಗಳು. ಹೊಟ್ಟೆಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಪುಟ್ಟ ಕೋಶದ್ವೀಪಗಳು ಹರಡಿಕೊಂಡಿವೆ. 1869ರಲ್ಲಿ ಅವನ್ನು ಮೊದಲು ಗುರುತಿಸಿದ ಪಾಲ್ ಲಾಂಗರ್‌ಹಾನ್ಸ್ ಹೆಸರೇ ಅವಕ್ಕೆ ಉಳಿದಿದೆ. ಬೀಟಾ ಕೋಶಗಳ ವಾಸ ಈ ದ್ವೀಪಗಳಲ್ಲಿ.

ನೀವು ಊಟ ಮಾಡಿದಾಗ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಅದು ಬೀಟಾ ಕೋಶದೊಳಕ್ಕೆ ಹೋಗಿ, ತಯಾರಿಟ್ಟ ಇನ್ಸುಲಿನ್ ಹೊರಬಿಡಲು ಸೂಚನೆ ಕೊಡುತ್ತದೆ. ಜೊತೆಗೆ ಇನ್ಸುಲಿನ್ ಜೀನಿನ ಓದನ್ನೂ ಚುರುಕುಗೊಳಿಸುತ್ತದೆ. ರೈಬೊಸೋಮ್ ಮೊದಲು ಕಟ್ಟುವ ಸರಪಳಿಯಲ್ಲಿ 110 ಅಮೈನೋ ಆಮ್ಲಗಳಿರುತ್ತವೆ. ಅದರಲ್ಲಿ ಮೊದಲ 24 'ಈ ಸರಕು ಹೊರಗೆ ಹೋಗಬೇಕಾದದ್ದು' ಎಂಬ ವಿಳಾಸದ ಚೀಟಿ ಇದ್ದಂತೆ, ಅದು ಕತ್ತರಿಸಿಹೋಗುತ್ತದೆ. ಉಳಿದ 86ರ ಸರಪಳಿ ಮಡಚಿಕೊಂಡ ಮೇಲೆ ನಡುವಿನ ತುಂಡನ್ನೂ ತೆಗೆಯುತ್ತಾರೆ, ಅಂದರೆ ಕೋಶದ ಕಿಣ್ವಗಳು ತೆಗೆಯುತ್ತವೆ. ಕೊನೆಗೆ ಉಳಿಯುವುದು 21 ಮತ್ತು 30 ಅಮೈನೋ ಆಮ್ಲಗಳ ಎರಡು ಎಳೆ, ಒಟ್ಟು 51. ಇದೇ ಇನ್ಸುಲಿನ್.

ನಡುವಿನಿಂದ ಕತ್ತರಿಸಿದ ಆ ತುಂಡಿಗೆ 'ಸಿ-ಪೆಪ್ಟೈಡ್' ಎಂದು ಹೆಸರು. ಅದೂ ಇನ್ಸುಲಿನ್ ಜೊತೆಗೆ ರಕ್ತಕ್ಕೆ ಬರುತ್ತದೆ. ಸೀಸೆಯ ಇನ್ಸುಲಿನ್ನಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರ ರಕ್ತದಲ್ಲಿ ಸಿ-ಪೆಪ್ಟೈಡ್ ಎಷ್ಟಿದೆ ಎಂದು ನೋಡಿದರೆ ಅವರ ಸ್ವಂತ ಕಾರ್ಖಾನೆ ಇನ್ನೂ ಎಷ್ಟು ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ನಿಮ್ಮ ವೈದ್ಯರು ಈ ಪರೀಕ್ಷೆ ಬರೆದರೆ ಅದರ ಅರ್ಥ ಇಷ್ಟೇ.

ಹೊರಬಂದ ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಪೊರೆಗೆ ಬಂದು ಕೂರುತ್ತದೆ. ಆಗ ಒಳಗಿದ್ದ ಗ್ಲೂಕೋಸ್ ಬಾಗಿಲುಗಳು ಪೊರೆಯ ಮೇಲೆ ಬಂದು ತೆರೆದುಕೊಳ್ಳುತ್ತವೆ. ಸಕ್ಕರೆ ಒಳಗೆ ಹೋಗುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಈ ಕೋಶಗಳಿಗೆ ಉಪವಾಸ.

ಎಲ್ಲಿ ತಪ್ಪುತ್ತದೆ?

ಒಂದನೆಯ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಮೈಕಾಯುವ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಜೀನ್ ಎಲ್ಲ ಕೋಶಗಳಲ್ಲೂ ಇದೆ, ಆದರೆ ಓದುವವರೇ ಉಳಿದಿಲ್ಲ. ಇದಕ್ಕೆ ಮಗು ಸಿಹಿ ತಿಂದದ್ದು ಕಾರಣವಲ್ಲ, ತಾಯಿಯ ಲೋಪವೂ ಅಲ್ಲ. ಮಗುವಿಗೆ ಬಾಯಾರಿಕೆ ಹೆಚ್ಚಿ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದು ಮತ್ತೆ ಶುರುವಾದರೆ, ಊಟ ಮಾಡಿದರೂ ತೂಕ ಇಳಿಯುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ. ಇದರ ಮೇಲೆ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಸೇರಿಕೊಂಡರೆ ಅಜೀರ್ಣವೆಂದು ಮನೆಮದ್ದು ಮಾಡುತ್ತಾ ಕೂರಬೇಡಿ. ಅದು ಆಸ್ಪತ್ರೆಗೆ ಓಡಬೇಕಾದ ತುರ್ತು.

ಎರಡನೆಯ ಬಗೆಯದು ನಮ್ಮಲ್ಲಿ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಹುಪಾಲು ಈ ಬಗೆಯದೇ. ಇಲ್ಲಿ ಬೀಟಾ ಕೋಶಗಳು ಇನ್ಸುಲಿನ್ ಮಾಡುತ್ತವೆ. ಆದರೆ ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಬೀಟಾ ಕೋಶಗಳು ಹೆಚ್ಚು ಹೆಚ್ಚು ದುಡಿದು, ವರ್ಷಗಳು ಕಳೆದಂತೆ ಬಳಲುತ್ತವೆ. ಕೆಲವರಿಗೆ ಮುಂದೆ ಇನ್ಸುಲಿನ್ ಬೇಕಾಗುವುದು ಇದರಿಂದ.

'ನಮ್ಮ ವಂಶದಲ್ಲೇ ಇದೆ, ಏನು ಮಾಡಿದರೂ ಅಷ್ಟೇ' ಎಂದು ಕೈಚೆಲ್ಲುವವರು ಒಂದು ವಿಷಯ ತಿಳಿಯಬೇಕು. ಸ್ನಾಯು ದುಡಿಯುವಾಗ ಗ್ಲೂಕೋಸ್ ಬಾಗಿಲುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೂ ತೆರೆದುಕೊಳ್ಳುತ್ತವೆ. ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತು, ಮತ್ತೆರಡು ಗಂಟೆ ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಕೂರುವವರಿಗೆ ಇದಕ್ಕಿಂತ ಅಗ್ಗದ ಔಷಧ ಬೇರೆ ಇಲ್ಲ. ಸಕ್ಕರೆ ಅಂಶ ಅಂಚಿಗೆ ಬಂದಿದ್ದವರ ಮೇಲೆ ಚೆನ್ನೈನ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನಡಿಗೆ ಮತ್ತು ಆಹಾರದ ಹಿತಮಿತದಿಂದ ಅವರಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತು. ಬೀರುವಿನಲ್ಲಿ ಬರೆದದ್ದನ್ನು ನೀವು ಬದಲಿಸಲಾರಿರಿ, ಆದರೆ ಕಾರ್ಖಾನೆಯ ಮೇಲಿನ ಹೊರೆಯನ್ನು ಇಳಿಸಬಲ್ಲಿರಿ.

ಅಪರೂಪಕ್ಕೆ ಡ್ರಾಯಿಂಗಿನಲ್ಲೇ ತಪ್ಪಿರುವುದೂ ಉಂಟು. ಹುಟ್ಟಿದ ಆರು ತಿಂಗಳೊಳಗೆ ಕೂಸಿಗೆ ಸಕ್ಕರೆ ಕಾಯಿಲೆ ಕಂಡರೆ ಸಾಮಾನ್ಯವಾಗಿ ಒಂದೇ ಜೀನಿನ ದೋಷ ಇರುತ್ತದೆ. ಅಂಥ ಕೂಸಿಗೆ ಜೀನ್ ಪರೀಕ್ಷೆ ಮಾಡಿಸಲೇಬೇಕು. ಯಾಕೆಂದರೆ ಕೆಲವು ದೋಷಗಳಲ್ಲಿ ಕೋಶ ಇನ್ಸುಲಿನ್ ತಯಾರಿಸುತ್ತದೆ, ಹೊರಬಿಡಲು ಮಾತ್ರ ಆಗುವುದಿಲ್ಲ. ಅಂಥ ಮಕ್ಕಳಲ್ಲಿ ಹಲವರು ತಜ್ಞರ ಕಣ್ಗಾವಲಿನಲ್ಲಿ ಇಂಜೆಕ್ಷನ್ ಬಿಟ್ಟು ಮಾತ್ರೆಗೆ ಬದಲಾಗಬಹುದು.

ಟೊರಾಂಟೊದಿಂದ ಬೊಮ್ಮಸಂದ್ರಕ್ಕೆ

1921ರವರೆಗೆ ಒಂದನೆಯ ಬಗೆಯ ಸಕ್ಕರೆ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಆ ವರ್ಷ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಮೇದೋಜೀರಕದಿಂದ ಇನ್ಸುಲಿನ್ ಇರುವ ಸಾರ ತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಲಾಯಿತು. ಜೇಮ್ಸ್ ಕಾಲಿಪ್ ಶುದ್ಧಗೊಳಿಸಿಕೊಟ್ಟ ಸಾರದಿಂದ ಹುಡುಗ ಚೇತರಿಸಿಕೊಂಡ. ಮುಂದಿನ ಆರು ದಶಕ ದನ, ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನೇ ಜಗತ್ತಿಗೆ ಆಧಾರ. ಹಂದಿಯ ಇನ್ಸುಲಿನ್ ನಮ್ಮದಕ್ಕಿಂತ ಒಂದೇ ಅಮೈನೋ ಆಮ್ಲದಲ್ಲಿ ಬೇರೆ, ದನದ್ದು ಮೂರರಲ್ಲಿ. ಅಷ್ಟು ವ್ಯತ್ಯಾಸಕ್ಕೇ ಕೆಲವರ ಮೈ ಒಗ್ಗದೆ ಚುಚ್ಚಿದ ಜಾಗದಲ್ಲಿ ಗುಳಿ ಬೀಳುವುದು, ತುರಿಕೆ ಏಳುವುದು ಇತ್ತು.

ಮನುಷ್ಯನ ಜೀನನ್ನೇ ಬೇರೆ ಜೀವಿಯಿಂದ ಓದಿಸಬಾರದೇಕೆ? ಡಿಎನ್‌ಎಯ ಲಿಪಿ ಬ್ಯಾಕ್ಟೀರಿಯಕ್ಕೂ ಯೀಸ್ಟಿಗೂ ನಮಗೂ ಒಂದೇ. ಅವೇ ನಾಲ್ಕು ಅಕ್ಷರ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ ಎಂಬ ಅದೇ ಲೆಕ್ಕ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ನಮ್ಮ ಕರುಳಿನಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯದಿಂದ ಮಾನವ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಔಷಧವಾಗಿ ಬಂತು.

ಸಿಲ್ಕ್ ಬೋರ್ಡ್‌ನಿಂದ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರ ಸಿಗುತ್ತದೆ. ಕಿರಣ್ ಮಜುಂದಾರ್ ಷಾ 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೊಕಾನ್ ಕಂಪನಿಯ ಕಾರ್ಖಾನೆಗಳಿರುವುದು ಈ ಭಾಗದಲ್ಲಿ. ಪಪ್ಪಾಯಿಯಿಂದ ಕಿಣ್ವ ತೆಗೆಯುವಂಥ ಕೆಲಸಗಳಿಂದ ಶುರುವಾದ ಈ ಕಂಪನಿ 2004ರಲ್ಲಿ 'ಇನ್ಸುಜೆನ್' ಎಂಬ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಅದನ್ನು ತಯಾರಿಸಿಕೊಡುವುದು ಪಿಕಿಯಾ ಪಾಸ್ಟೊರಿಸ್ ಎಂಬ ಯೀಸ್ಟು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿಗೆ ಇದು ದೂರದ ನೆಂಟ.

ಈ ಯೀಸ್ಟಿನ ಗುಣ ವಿಚಿತ್ರ. ಮೆಥನಾಲ್ ಎಂಬ ಮದ್ಯಸಾರವನ್ನೂ ಅದು ತಿಂದು ಬದುಕಬಲ್ಲದು. ಮೆಥನಾಲ್ ಅರಗಿಸುವ ಕಿಣ್ವದ ಜೀನ್ ಅದರಲ್ಲಿದೆ. ಆ ಜೀನಿನ ಮುಂದಿನ ಸ್ವಿಚ್ಚು ಮೆಥನಾಲ್ ಸಿಕ್ಕಾಗ ಜೋರಾಗಿ ಹೊತ್ತಿಕೊಳ್ಳುತ್ತದೆ, ಸಿಗದಿದ್ದಾಗ ಆರಿರುತ್ತದೆ. ಪಿಕಿಯಾದಿಂದ ಪ್ರೋಟೀನು ಮಾಡಿಸುವವರು ಸಾಮಾನ್ಯವಾಗಿ ಬಳಸಿಕೊಳ್ಳುವುದು ಇದನ್ನೇ. ಬೇಕಾದ ಜೀನನ್ನು ಯೀಸ್ಟಿನ ವರ್ಣತಂತುವಿನಲ್ಲಿ ಆ ಸ್ವಿಚ್ಚಿನ ಹಿಂದೆ ಸೇರಿಸುತ್ತಾರೆ. ಮೊದಲು ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಯೀಸ್ಟು ಚೆನ್ನಾಗಿ ಬೆಳೆಯಲು ಬಿಡುತ್ತಾರೆ. ಬಳಿಕ ಮೆಥನಾಲ್ ಕೊಡುತ್ತಾರೆ. ಸ್ವಿಚ್ಚು ಹೊತ್ತಿಕೊಳ್ಳುತ್ತದೆ, ಯೀಸ್ಟು ತನಗೆ ಬೇಕಿಲ್ಲದ ಇನ್ಸುಲಿನ್ನಿನ ಸರಪಳಿಯನ್ನು ಕಟ್ಟಿ ಕಟ್ಟಿ ಹೊರಗಿನ ದ್ರವಕ್ಕೆ ಬಿಡುತ್ತದೆ. ಯೀಸ್ಟನ್ನು ಬೇರ್ಪಡಿಸಿ, ಸರಪಳಿಯನ್ನು ಕಿಣ್ವಗಳಿಂದ ಕತ್ತರಿಸಿ, ಹಲವು ಸಲ ಶುದ್ಧಗೊಳಿಸಿದ ಮೇಲೆ ಸಿಗುವುದು ಅದೇ 51 ಅಮೈನೋ ಆಮ್ಲಗಳ ಇನ್ಸುಲಿನ್. ನಿಮ್ಮ ಬೀಟಾ ಕೋಶ ಮಾಡುತ್ತಿದ್ದದ್ದಕ್ಕೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ.

'ಇದರಲ್ಲಿ ಪ್ರಾಣಿಯದೇನಾದರೂ ಇದೆಯೇ' ಎಂದು ಕೇಳುವ ಹಿರಿಯರಿಗೂ ಇಲ್ಲಿ ಉತ್ತರವಿದೆ. ಸೀಸೆಯ ಮೇಲೆ ಮಾನವ ಇನ್ಸುಲಿನ್ ಎಂದಿದ್ದರೆ ಅದು ಮನುಷ್ಯರಿಂದ ತೆಗೆದದ್ದಲ್ಲ. ದನ, ಹಂದಿಯ ಗ್ರಂಥಿಯಿಂದ ತೆಗೆದದ್ದೂ ಅಲ್ಲ. ಮನುಷ್ಯನ ಜೀನ್ ಬರಹವನ್ನು ಯೀಸ್ಟೋ ಬ್ಯಾಕ್ಟೀರಿಯವೋ ಓದಿ ಮಾಡಿಕೊಟ್ಟದ್ದು.

ಅಭ್ಯಾಸವಾಗುತ್ತದೆಯೇ?

ಈಗ ಮೊದಲಿನ ಭಯಕ್ಕೆ ಬರೋಣ. ಊಟ ಅಭ್ಯಾಸವಾಗುತ್ತದೆ ಎಂದು ಯಾರಾದರೂ ಊಟ ಬಿಡುತ್ತಾರೆಯೇ? ಇನ್ಸುಲಿನ್ ಎಲ್ಲರ ಮೈಯಲ್ಲೂ ಪ್ರತಿದಿನ ಹರಿಯುತ್ತಿರುವ ವಸ್ತು. ಇಂಜೆಕ್ಷನ್ ತೆಗೆದುಕೊಳ್ಳುವವರು ಕೊರತೆಯನ್ನಷ್ಟೇ ತುಂಬಿಕೊಳ್ಳುತ್ತಾರೆ. ಒಂದನೆಯ ಬಗೆಯವರಿಗೆ ಅದು ಜೀವನಪೂರ್ತಿ ಬೇಕು. ಅವರ ಬೀಟಾ ಕೋಶಗಳು ಹೋಗಿರುವುದರಿಂದಲೇ ಹೊರತು ಇಂಜೆಕ್ಷನ್ ಚಟ ಹಿಡಿಸಿದ್ದರಿಂದಲ್ಲ. ಎರಡನೆಯ ಬಗೆಯವರಲ್ಲಿ ಕೆಲವರಿಗೆ ಸೋಂಕು, ಶಸ್ತ್ರಚಿಕಿತ್ಸೆ, ಬಸಿರಿನಂಥ ಸಮಯದಲ್ಲಿ ಮಾತ್ರ ಬೇಕಾಗಿ, ಆಮೇಲೆ ವೈದ್ಯರೇ ನಿಲ್ಲಿಸುವುದೂ ಇದೆ. ನಿಲ್ಲಿಸುವ ತೀರ್ಮಾನ ಅವರದಾಗಿರಲಿ, ಪಕ್ಕದ ಮನೆಯವರದಲ್ಲ.

'ಮಾತ್ರೆಯ ರೂಪದಲ್ಲಿ ಕೊಡಬಾರದೇ?' ಎಂದು ಹಲವರು ಕೇಳುತ್ತಾರೆ. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಹೊಟ್ಟೆ ಅದನ್ನೂ ತೊಗರಿಬೇಳೆಯ ಪ್ರೋಟೀನಿನ ಹಾಗೆ ಅರಗಿಸಿಬಿಡುತ್ತದೆ. ನುಂಗುವ ಇನ್ಸುಲಿನ್ನಿಗಾಗಿ ಬಯೊಕಾನ್ ಸೇರಿದಂತೆ ಹಲವರು ವರ್ಷಗಟ್ಟಲೆ ಶ್ರಮಿಸಿದ್ದಾರೆ, ದಾರಿ ಸುಲಭವಾಗಿಲ್ಲ. ಇವತ್ತಿನ ಸೂಜಿಗಳಾದರೋ ಕೂದಲಿನಷ್ಟು ತೆಳು. ಚುಚ್ಚಿಸಿಕೊಳ್ಳುವವರಿಗಿಂತ ನೋಡುವವರಿಗೇ ಹೆಚ್ಚು ನೋವು.

ಸೀಸೆಯ ಆರೈಕೆ

ಪ್ರೋಟೀನಿನ ಶಕ್ತಿ ಅದರ ಮಡಿಕೆಯಲ್ಲಿದೆ. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾದರೆ ಮತ್ತೆ ನೀರಾಗುವುದಿಲ್ಲ, ಇನ್ಸುಲಿನ್ನೂ ಅಷ್ಟೇ. ಆದ್ದರಿಂದ ಈ ಮಾತುಗಳನ್ನು ಗಮನದಲ್ಲಿಡಿ.

ತೆರೆಯದ ಸೀಸೆ ಅಥವಾ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಜರಿನಲ್ಲಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಬಳಕೆಯಲ್ಲಿರುವುದನ್ನು ತಂಪಾದ, ಬಿಸಿಲು ತಾಗದ ಜಾಗದಲ್ಲಿ ಸುಮಾರು ನಾಲ್ಕು ವಾರ ಇಟ್ಟುಕೊಳ್ಳಬಹುದು. ನಿಖರ ಅವಧಿ ಪೊಟ್ಟಣದ ಮೇಲೆ ಇರುತ್ತದೆ. ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಷ್‌ಬೋರ್ಡು ಇನ್ಸುಲಿನ್ನಿಗೆ ಒಲೆಯಿದ್ದಂತೆ. ಫ್ರಿಜ್ಜಿಲ್ಲದ ಬಾಡಿಗೆ ಕೋಣೆಯಲ್ಲಿರುವ ಕಾರ್ಮಿಕರು ಸೀಸೆಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ನೀರು ಹಾಕಿದ ಮಣ್ಣಿನ ಮಡಕೆಯಲ್ಲಿ ತಂಪಾಗಿ ಇಡಬಹುದು. ತಿಳಿಯಾಗಿರಬೇಕಾದ ಇನ್ಸುಲಿನ್ ಕದಡಿದಂತೆ ಕಂಡರೆ ಬಳಸಬೇಡಿ.

ಪಾಳಿಯ ಕೆಲಸದವರಿಗೆ ಇನ್ನೊಂದು ಎಚ್ಚರಿಕೆ. ಪೀಣ್ಯದ ರಾತ್ರಿ ಪಾಳಿಯಿರಲಿ, ವೈಟ್‌ಫೀಲ್ಡಿನ ರಾತ್ರಿ ಕೆಲಸವಿರಲಿ, ಊಟದ ಹೊತ್ತು ಬದಲಾದಾಗ ಇನ್ಸುಲಿನ್ ಹೊತ್ತನ್ನೂ ಪ್ರಮಾಣವನ್ನೂ ಹೊಂದಿಸಬೇಕಾಗಬಹುದು. ಪಾಳಿ ಬದಲಾಗುವ ಮೊದಲೇ ವೈದ್ಯರನ್ನು ಕೇಳಿ. ಇಂಜೆಕ್ಷನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ತೀರಾ ಇಳಿದು ಬೆವರು, ಕೈ ನಡುಕ, ಎದೆಬಡಿತ, ಮಂಪರು ಬರಬಹುದು. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಯಿರಿ. ಬಳಿಕ ಏನಾದರೂ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಸಾಗಿಸಿ. ನಿಮ್ಮ ಕಾಯಿಲೆಯ ವಿಷಯ ಪಕ್ಕದಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ತಿಳಿದಿರಲಿ.

ಜಾಹೀರಾತಿಗೆ ಮರುಳಾಗಬೇಡಿ

'ಆಕರಕೋಶ ಚಿಕಿತ್ಸೆಯಿಂದ ಸಕ್ಕರೆ ಕಾಯಿಲೆ ಮಾಯ' ಎಂಬ ಜಾಹೀರಾತುಗಳು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಬೀರುವಿನಲ್ಲಿ ಎಲ್ಲ ಡ್ರಾಯಿಂಗುಗಳೂ ಇರುವುದರಿಂದ, ಇನ್ನೂ ಯಾವ ಕಸುಬನ್ನೂ ಹಿಡಿಯದ ಆಕರಕೋಶಕ್ಕೆ ಬೀಟಾ ಕೋಶದ ಓದನ್ನು ಕಲಿಸಲು ಸಾಧ್ಯ. ಹಾಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶದ್ವೀಪಗಳನ್ನು ಒಂದನೆಯ ಬಗೆಯ ಕಾಯಿಲೆಯ 12 ಜನರಿಗೆ ಪೂರ್ಣ ಪ್ರಮಾಣದಲ್ಲಿ ಕೊಟ್ಟ ಪರೀಕ್ಷೆಯ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ವರ್ಷದ ಬಳಿಕ ಅವರಲ್ಲಿ 10 ಜನರಿಗೆ ಇನ್ಸುಲಿನ್ ಬೇಕಾಗಿರಲಿಲ್ಲ. ಆದರೆ ಹೊಸ ಕೋಶಗಳನ್ನು ಮೈ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಅವರು ತೆಗೆದುಕೊಳ್ಳಬೇಕಿತ್ತು. ಇದು ಇನ್ನೂ ಪರೀಕ್ಷೆಯ ಹಂತದ ಕೆಲಸ. ಬೀದಿಬದಿಯ ಕ್ಲಿನಿಕ್ಕಿನಲ್ಲಿ ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವ ಸರಕಲ್ಲ. ಅದನ್ನು ನಂಬಿ ಮಗುವಿನ ಇನ್ಸುಲಿನ್ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಇಂಥ ಚಿಕಿತ್ಸೆ ಎಲ್ಲರ ಕೈಗೆಟುಕುವವರೆಗೂ ಇನ್ಸುಲಿನ್ ಸೀಸೆಯನ್ನು ಪರಕೀಯ ವಸ್ತುವಿನಂತೆ ನೋಡಬೇಡಿ. ನಿಮ್ಮ ಮಗುವಿನ ಮೈಯಲ್ಲೇ ಬರೆದಿಟ್ಟಿದ್ದು, ಓದುವವರಿಲ್ಲದೆ ಉಳಿದುಹೋದ ಒಂದು ಬರಹವನ್ನು ಬೇರೆಯವರು ಓದಿ ಕಳುಹಿಸಿದ್ದಾರೆ. ಅದನ್ನು ತಂಪಾಗಿ ಕಾಪಾಡಿ, ಹೊತ್ತಿಗೆ ಸರಿಯಾಗಿ, ವೈದ್ಯರು ಹೇಳಿದಷ್ಟು ಕೊಡಿ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಎಲ್ಲರಂತೆ ಶಾಲೆಗೆ ಹೋಗಬಹುದು, ಆಡಬಹುದು, ಓದಿ ದೊಡ್ಡದಾಗಿ ಕೆಲಸಕ್ಕೂ ಸೇರಬಹುದು.